ಇದ್ದದ್ದನ್ನು ಇದ್ದಂತೆ ಕಾಣುವ ಕಣ್ಣು

ಸಂಜೆ ಅರಳೆ ಪೇಟೆಯಿಂದ ಬಂದವನೇ ನೀಲಕಂಠಪ್ಪ ರುಮಾಲು ಗೂಟಕ್ಕಿಟ್ಟು, ಕೈಕಾಲು ತೊಳೆದು, ವಿಭೂತಿ ಧರಿಸಿ, ತೀರಿಹೋದ ಅವ್ವನ ಖೋಲಿಯ ಬೀಗವನ್ನೊಮ್ಮೆ ಜಗ್ಗಿ ನೋಡುತ್ತಿದ್ದ. ಹುಬ್ಬಳ್ಳಿಯೇ ಮುಳುಗಿದರೂ ಇದು ತಪ್ಪದು. ಜಗ್ಗುವುದಷ್ಟೇ, ತೆರೆದದ್ದಿಲ್ಲ.

ಈಗ ಅಲ್ಲಿ ವ್ಯಾಪಾರಿಗಳು ಕುಳಿತು ಅರಳೆ ಕೊಳ್ಳಲು ಗಾದಿ ಹಾಕುವ ಹಟ ಹುಟ್ಟಿತ್ತು. ಹೆಂಡತಿ ಶರಣವ್ವ ಒಪ್ಪಲಿಲ್ಲ.

"ಅತ್ತಿಯಾರು ಇನ್ನೂ ಒಳಗ ಅದಾರ ಅನ್ನಿಸ್ತದ್ರಿ. ಹೊತ್ತು ಮುಳುಗಿದ ಮ್ಯಾಲ ಎಲಿ-ಅಡಕಿ ಕುಟ್ಟಿದಂಗ ಕೇಳತೈತಿ."

"ಲಿಂಗೈಕ್ಯ ಆದಾಕಿಗೆ ಕೈಲಾಸದಾಗ ಹಲ್ಲು ಬಂದಿರತಾವ. ಇಲ್ಲಿ ಬಂದು ಯಾಕ ಕುಟ್ಯಾಳು?"

ಅವನ ಧೈರ್ಯಕ್ಕೆ ನೆರೆಮನೆಯ ಉಳವಪ್ಪ ಮಾಸ್ತರ ಕಾರಣ. ಮಾಸ್ತರ ಧಾರವಾಡದಲ್ಲಿ ಕೇಳಿ ಬಂದ ಭಾಷಣವನ್ನು ಇವನಿಗೂ ಒಪ್ಪಿಸಿದ್ದ. ಹೊರಗಿನದನ್ನು ಇದ್ದಂತೆ ಕಾಣುವವರು ಒಂದು ತರಹದ ಮಂದಿ. ಅದು ತಮ್ಮ ಮನಸ್ಸಿನಲ್ಲಿ ಎಬ್ಬಿಸಿದ್ದನ್ನೇ ಕಾಣುವವರು ಇನ್ನೊಂದು ತರಹ. ನೀಲಕಂಠಪ್ಪ ತನ್ನನ್ನು ಮೊದಲನೆಯದಕ್ಕೆ ಸೇರಿಸಿಕೊಂಡ (ಅರಳೆಯ ಎಳೆ ಜಗ್ಗಿಯೇ ಅದು ಬೆಳೆದ ಊರು ಹೇಳುವ ದಿವ್ಯದೃಷ್ಟಿ!). ಹೆಂಡತಿಯನ್ನು, ಕೇಳದೆಯೇ, ಎರಡನೆಯದಕ್ಕೆ ತಳ್ಳಿದ.

"ನಾ ಒಳಗ ಕುಂತು ನೋಡತೇನಿ. ಏನೂ ಕಾಣದಿದ್ರ ನಾಳೆ ಗಾದಿ!"

ಮುಚ್ಚಂಜೆಯಲ್ಲಿ ದೀಪವಿಲ್ಲದೆ ಹೋಗಿ ಕುಳಿತವನು, ಒಲೆಯ ಮೇಲಿನ ರೊಟ್ಟಿ ಉಬ್ಬುವಷ್ಟರಲ್ಲಿ ಹೊರಗೆ ಬಂದ. ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು.

"ಅವ್ವ... ಪೆಟಿಗಿ ಮ್ಯಾಲ ಕುಂತಾಳ. ಕಂದು ಬಣ್ಣದ ಇಳಕಲ್ ಸೀರಿ. ತಲಿ ಮ್ಯಾಲ ಸೆರಗು."

"ಅನ್ನಿಸ್ತೇನ್ರಿ?"

"ಅನ್ನಿಸೂದು ನಿನಗ! ನನಗ ಕಂಡ್ಲು!"

ಶರಣವ್ವ ದೀಪ ಹಿಡಿದು ಬಾಗಿಲಲ್ಲಿ ಇಣುಕಿದಳು. "ಅಯ್ಯ ಶಿವನ! ನೀವು ಪೇಟಿಗೆ ಹೋದ ಮ್ಯಾಲ ಬೀಗ ತಗದು ಕಸ ಹೊಡಿಯೂವಾಗ ಅವರ ಸೀರಿ ನಾನ ಪೆಟಿಗಿ ಮ್ಯಾಲ ಗಾಳಿಗೆ ಹಾಕೇನ್ರಿ."

ನೀಲಕಂಠಪ್ಪನಿಗೆ ಜೀವ ಬಂತು. ಮೀಸೆಯೂ ಎದ್ದು ನಿಂತಿತು. "ಹಂಗಾರ ಎಲಿ-ಅಡಕಿ ಕುಟ್ಟಾಣಿನೂ ನೀನ ಇಟ್ಟಿರಬೇಕು. ತೊಡಿ ಮ್ಯಾಲ ಹಿಡಕೊಂಡು ಕುಟ್ಟಾಕತ್ತಿದ್ಲು."

ಶರಣವ್ವ ಬಾಗಿಲಿನಿಂದ ಹಿಂದೆ ಸರಿದಳು.

"ಕುಟ್ಟಾಣಿ? ಮಣ್ಣು ಕೊಡೂವಾಗ ನೀವ ಅವರ ಮಗ್ಗಲಕ್ಕ ಇಟ್ಟು ಬಂದ್ರಲ್ರಿ!"

ಒಳಗಿನಿಂದ ಬಂತು: ಟಕ್... ಟಕ್.

"ರೀ, ಇದು ಖರೇನ ಐತೋ, ನನ್ನ ಮನಸಿನ್ಯಾಗಿಂದೋ?"

"ಲಗೂನ ಬೀಗ ತಾ ನೀ!"

ಬೆಳಿಗ್ಗೆ ಉಳವಪ್ಪ ಮಾಸ್ತರ ಕೈಗಾಡಿ ತಂದು ನಿಲ್ಲಿಸಿದ. "ಬರ್ರಿ, ನಿಮ್ಮ ಗಾದಿಗೆ ಜಾಗ ಆಗಲಿ, ಖೋಲಿ ಸಾಮಾನು ನಮ್ಮ ಮನಿಗೆ ಒಯ್ದಿಡೂಣು. ನಾನ ಹೊರತೇನಿ."

ನೀಲಕಂಠಪ್ಪ ಹೊಸ್ತಿಲಿಗೆ ಅಡ್ಡ ನಿಂತ.

"ಬ್ಯಾಡ್ರಿ ಮಾಸ್ತರ, ಗಾಡಿ ತಿರುಗಿಸ್ರಿ. ನಾ ಪಡಸಾಲ್ಯಾಗನ ಕುಂತು ಅರಳಿ ಮಾರತೇನಿ. ಆ ಖೋಲಿ ಖಾಲಿ ಇಲ್ಲ."