ಮೊದಲ ಬಹುಮಾನದ ಮುಚ್ಚಳ

ಹೆಂಡತಿ ತರಲು ಹೇಳಿದ್ದು ಒಂದೇ ಒಂದು ಸೌಟು. ಆದರೆ ಗ್ರಹಚಾರ ಕೆಟ್ಟರೆ ಸೌಟೂ ಗದೆಯಾಗುತ್ತದಂತೆ.

ಅವನನ್ನು ಬೀದಿಯವರೆಲ್ಲ ಬೋಣಿ ಮಾವ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಅವನ ಮುಖ ಕಂಡರೆ ಸಾಕು, ಅಂಗಡಿಯವರ ಕಣ್ಣಲ್ಲಿ ದೀಪ ಹತ್ತಿಕೊಳ್ಳುತ್ತಿತ್ತು. ಅಂಚೆ ಕಚೇರಿಯಲ್ಲಿ ದಿನವಿಡೀ ಕಾಗದಗಳಿಗೆ ಮುದ್ರೆ ಒತ್ತಿ ಒತ್ತಿ, ಯಾರು ಏನು ಹೇಳಿದರೂ ಹಾಗೇ ಮುದ್ರೆ ಒತ್ತಿಬಿಡುವ ಅಭ್ಯಾಸ ಅವನಿಗೆ. ಹಿಂದಿನ ವಾರ ನೀರಿಗೆ ಕರಗದ ಸಾಬೂನು ತಂದಿದ್ದ. ನಿಜಕ್ಕೂ ಅದು ಕರಗಲಿಲ್ಲ, ನೊರೆಯೂ ಬರಲಿಲ್ಲ.

"ನೋಡ್ರೀ, ಇವತ್ತೂ ಮೋಸ ಹೋಗಿ ಬಂದ್ರೆ ಪೇಟೆ ಚೀಲ ನನ್ನ ತಮ್ಮನ ಕೈಗೆ. ಆಮೇಲೆ ನೀವು ಅವನ ಜೊತೇಲೇ ಹೋಗ್ಬೇಕು, ಅವನ ಜೊತೇಲೇ ಬರ್ಬೇಕು" ಎಂದಳು ಹೆಂಡತಿ.

ಮಹಡಿ ಕೋಣೆಯಲ್ಲಿ ಬೀಡುಬಿಟ್ಟಿದ್ದ ಭಾವಮೈದುನ ಮೆಟ್ಟಿಲ ಮೇಲಿಂದಲೇ ಉಪದೇಶ ಕೊಟ್ಟ: "ಭಾವ, ಅಂಗಡಿಯವನು ನಕ್ರೆ ನೀವು ನಗಬೇಡಿ. ನಕ್ರೋ, ಮುಗೀತು ಕತೆ."

ಬೋಣಿ ಮಾವ ಚೀಲವನ್ನು ಎದೆಗವಚಿಕೊಂಡ. ಕಚೇರಿಯಲ್ಲಿ ಸಾಹೇಬರ ಮಾತು, ಮನೆಯಲ್ಲಿ ಹೆಂಡತಿಯ ಮಾತು. ಚೀಲ ಬೀಸಿಕೊಂಡು, ಮೋಡ ನೋಡಿಕೊಂಡು, ಒಬ್ಬನೇ ಪೇಟೆ ಸುತ್ತುವ ಆ ಹೊತ್ತಷ್ಟೇ ಅವನ ರಾಜ್ಯಭಾರ. ಅದೂ ಹೋದರೆ?

ಪಾತ್ರೆ ಅಂಗಡಿಯಲ್ಲಿ ಅವನು ಹಲ್ಲು ಕಚ್ಚಿಕೊಂಡು ಸೌಟು ಕೊಂಡ. ನಗಲಿಲ್ಲ. ಇನ್ನೇನು ಹೊಸ್ತಿಲು ದಾಟಬೇಕು, ಢಣಢಣ ಗಂಟೆ ಮೊಳಗಿತು. ಅಂಗಡಿಯವನು ಕಾಗದದ ಹೂವಿನ ಹಾರ ಹಿಡಿದು ಓಡಿ ಬಂದ.

"ಸ್ವಾಮೀ! ಮೊದಲ ಬಹುಮಾನ ನಿಮಗೇ ಬಂತು! ಪೂರ್ತಿ ಪುಕ್ಕಟೆ!"

ಬಹುಮಾನವೆಂದರೆ ಗಾಡಿ ಚಕ್ರದಷ್ಟು ದೊಡ್ಡದೊಂದು ಮುಚ್ಚಳ.

"ಇದರ ಪಾತ್ರೆ?"

"ಅದನ್ನ ಕೊಳ್ಳಬೇಕು ಸ್ವಾಮಿ. ಈ ಮುಚ್ಚಳಕ್ಕೆ ನಮ್ಮ ಪಾತ್ರೆಯೇ ಆಗ್ಬೇಕು. ಆ ಪಾತ್ರೆಗೆ ನಮ್ಮ ಒಲೆಯೇ ಆಗ್ಬೇಕು." ಮೂಲೆಯಲ್ಲಿ, ಆನೆಮರಿಗೆ ಸ್ನಾನ ಮಾಡಿಸಬಹುದಾದ ಪಾತ್ರೆಯೊಂದು ಬಾಯಿ ತೆರೆದು ಕೂತಿತ್ತು.

"ಬೇಡ" ಎಂದ ಬೋಣಿ ಮಾವ. ಹುಟ್ಟಿದ ಮೇಲೆ ಅಂಗಡಿಯಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಆದರೆ ಅಷ್ಟರಲ್ಲಿ ಮುಚ್ಚಳ ಅವನ ತೋಳು ಸೇರಿಯಾಗಿತ್ತು.

ಬಿಸಿಲೆಂದು ಅದನ್ನು ತಲೆಯ ಮೇಲೆ ಹೊತ್ತು ನಡೆದ. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಕೂಗಿದ: "ಏನ್ ಮಾವ, ಕೊಡೆಗೆ ಹಿಡಿ ಕೊಡಲಿಲ್ವಾ?"

"ಬಹುಮಾನ ಕಣಯ್ಯಾ."

"ಅಯ್ಯೋ ದೇವ್ರೇ! ಮುಚ್ಚಳದ ಹಿಂದೆ ಪಾತ್ರೆ ಬರುತ್ತೆ, ಪಾತ್ರೆ ಹಿಂದೆ ಒಲೆ ಬರುತ್ತೆ, ಒಲೆ ಇಡೋಕೆ ಅಡುಗೆಮನೆ ಗೋಡೆ ಒಡೀಬೇಕು. ನಿಮ್ಮ ಮನೆಯವರು ನಿಮ್ಮನ್ನ ಉಳಿಸ್ತಾರಾ? ಎಲ್ಲಾದ್ರೂ ಬಿಟ್ಟು ಹೋಗಿ!"

ಗೋಡೆಗೆ ಒರಗಿಸಿ ಬಿಟ್ಟು ನಡೆದ. ಹೂ ಮಾರುವವಳು ಏದುಸಿರು ಬಿಡುತ್ತ ತಂದುಕೊಟ್ಟಳು: "ಮರೆತು ಹೋಗ್ತಿದ್ದೀರಲ್ಲ ಮಾವ!" ಇಳಿಜಾರಿನಲ್ಲಿ ಅದನ್ನು ಉರುಳಿಸಿಬಿಟ್ಟ. ಅದು ಕೋಳಿಗಳನ್ನು ಚೆದುರಿಸಿ, ಸೀದಾ ಕ್ಷೌರದಂಗಡಿಗೆ ನುಗ್ಗಿತು. ಬೆಚ್ಚಿಬಿದ್ದ ಕ್ಷೌರಿಕನ ಕತ್ತಿ ಜಾರಿತು. ಅರ್ಧ ಮೀಸೆಯ ಗಿರಾಕಿಯೊಬ್ಬ ಮುಖದ ತುಂಬ ನೊರೆ ಹೊತ್ತು ಹೊರಬಂದು, "ಯಾವನೋ ಅದು!" ಎಂದು ಅಟ್ಟಿಸಿಕೊಂಡು ಬಂದ. ಅದರ ಹಿಂದೆಯೇ ಬಂದಿದ್ದ ಬೋಣಿ ಮಾವ ಬಾಗಿಲಲ್ಲಿ ಬಿದ್ದಿದ್ದ ಮುಚ್ಚಳವನ್ನೇ ಎತ್ತಿ ಗುರಾಣಿಯಂತೆ ಹಿಡಿದು ಓಡಿದ. ಓಡಿ ಓಡಿ ನಿಂತದ್ದು ಮತ್ತದೇ ಪಾತ್ರೆ ಅಂಗಡಿಯಲ್ಲಿ.

"ತಗೊಳ್ಳಪ್ಪ ನಿನ್ನ ಬಹುಮಾನ!"

ಅಂಗಡಿಯವನು ಮುಖ ಸಣ್ಣದು ಮಾಡಿದ. "ಕೊಟ್ಟ ದಾನ ವಾಪಸ್ ತಗೊಂಡ್ರೆ ಅಂಗಡಿ ಮರ್ಯಾದೆ ಹೋಗುತ್ತೆ ಸ್ವಾಮಿ. ಮರ್ಯಾದೆಗೆ ಬೆಲೆ ಇಲ್ವಾ? ಹೋಗ್ಲಿ, ನಿಮ್ಮ ಮುಖ ನೋಡಿ ಒಪ್ಕೋತೀನಿ. ಆ ಸೌಟು ಇಲ್ಲಿಟ್ಟು ಹೋಗಿ."

ಸೌಟು ಹೋದರೂ ಚೀಲ ಉಳಿಯಿತು ಎಂದುಕೊಂಡ ಬೋಣಿ ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆ ಬಾಗಿಲಲ್ಲೇ ಎದೆಯುಬ್ಬಿಸಿ ಕೂಗಿದ: "ಏ, ನೋಡಿಲ್ಲಿ! ಕೈ ಖಾಲಿ! ಇವತ್ತು ಯಾರ ಬಲೆಗೂ ಬೀಳಲಿಲ್ಲ ನಾನು!"

ಒಳಗೆ ಬಂದರೆ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆನೆಮರಿಯ ಪಾತ್ರೆ ಅಲ್ಲಿ ಕೂತಿತ್ತು! ಅದರ ಹಿಂದಿನಿಂದ ಭಾವಮೈದುನ ಬೆವರೊರೆಸುತ್ತ ಎದ್ದ.

"ಅರ್ಧ ಬೆಲೆ ಭಾವ! ನೀವು ಮೋಸ ಹೋಗ್ಬಾರ್ದು ಅಂತ ನಿಮ್ಮ ಹಿಂದೆಯೇ ಆ ಅಂಗಡಿಗೆ ಹೋಗಿದ್ದೆ. ಮುಚ್ಚಳ ಇಲ್ಲ ಅಂತ ಅರ್ಧಕ್ಕೇ ಕೊಟ್ಟ. 'ನಿಮ್ಮ ಭಾವ ಆಗಲೇ ಮುಚ್ಚಳ ಪುಕ್ಕಟೆ ಹೊತ್ಕೊಂಡು ಹೋದ್ರು, ನಿಮಗ್ಯಾಕೆ ಚಿಂತೆ' ಅಂದ. ಒಲೇನ ನಾಳೆ ಕಳಿಸ್ತಾನಂತೆ. ಎಲ್ಲಿ, ತನ್ನಿ ಮುಚ್ಚಳ."

ಬೋಣಿ ಮಾವ ಬಾಯಿ ತೆರೆದ. ಪಾತ್ರೆಯೂ ತೆರೆದೇ ಇತ್ತು.

ನಡೆದದ್ದೆಲ್ಲ ಕೇಳಿ ಹೆಂಡತಿ ಹಣೆ ಚಚ್ಚಿಕೊಂಡಳು. "ಪುಕ್ಕಟೆ ಬಂದದ್ದನ್ನ ವಾಪಸ್ ಕೊಟ್ರಾ? ಅದಕ್ಕೆ ಸೌಟು ಬೇರೆ ಕೊಟ್ರಾ? ನನ್ನ ತಮ್ಮ ಕಷ್ಟಪಟ್ಟು ಅರ್ಧ ಬೆಲೆ ಉಳಿಸಿದ್ದ, ಎಲ್ಲಾ ಹಾಳು ಮಾಡಿದ್ರಲ್ಲ!"

"ಆದ್ರೆ ನಮಗೆ ಆ ಪಾತ್ರೆ ಯಾಕೆ..."

"ನೀವು ಸುಮ್ನಿರಿ!"

ಬೇಕಿಲ್ಲದ ಪಾತ್ರೆ ತಂದವನು ಜಾಣ, ಬೇಕಿಲ್ಲದ ಮುಚ್ಚಳ ಬಿಟ್ಟು ಬಂದವನು ದಡ್ಡ ಎಂದು ತೀರ್ಪಾಯಿತು. ಮುಚ್ಚಳ ಕೊಂಡು ತರಲು ಇಬ್ಬರೂ ಹೊರಟರು. ಚೀಲ ಭಾವಮೈದುನನ ಹೆಗಲಲ್ಲಿ ತೂಗುತ್ತಿತ್ತು. ಬೀದಿ ತಿರುವಿನಲ್ಲಿ ಅವನು ನಿಂತು, ಹಿಂದೆ ತಿರುಗಿ, ಬಲು ಅಕ್ಕರೆಯಿಂದ ಹೇಳಿದ:

"ಭಾವ, ಗಾಡಿಗಳು ಬರ್ತಿವೆ. ಕೈ ಹಿಡ್ಕೊಳ್ಳಿ."