ಪಹರೆ ಕಟ್ಟೆಯ ಮೇಲಿನ ಗುಟ್ಟುಗಳು

ಬೆಳಗ್ಗೆ ಏಳಕ್ಕೆ ತಿಂಡಿ ತರಲು ಹೊರಟ ವೆನಿಂಗ್, ಜೋಗ್ಜಾ ನಗರದ ತನ್ನ ಗಲ್ಲಿಯ ಪಹರೆ ಕಟ್ಟೆಯ ಮುಂದೆ ಕಂಬದಂತೆ ನಿಂತುಬಿಟ್ಟಳು. ಸೊಳ್ಳೆ ಔಷಧಿ ಹೊಡೆಯುವ ದಿನದ ಪ್ರಕಟಣೆಯ ಪಕ್ಕದಲ್ಲಿ, ದುಂಡಗಿನ ಅಕ್ಷರಗಳಲ್ಲಿ ಇಪ್ಪತ್ತು ಹೆಸರು. ಎದುರಿಗೆ ಇಪ್ಪತ್ತು ಗುಟ್ಟುಪದ, ಅಂದರೆ ಪಾಸ್‌ವರ್ಡ್.

ಗುಟ್ಟುಪದಗಳು ಅವಳ ಆ್ಯಪ್‌ನವು. ಬರೆದವರ, ಪಡೆದವರ ಹೊರತು ಯಾರೂ ಓದಲಾಗದ ಸಂದೇಶದ ಆ್ಯಪ್. ಎಂಟು ತಿಂಗಳ ಕಾಲೇಜು ಪ್ರಾಜೆಕ್ಟು. ಬಳಸಿ ನೋಡಿ ಎಂದು ಗಲ್ಲಿಯ ಹೆಂಗಸರನ್ನೇ 'ಬು', ಅಂದರೆ 'ಅಮ್ಮ', ಎನ್ನುತ್ತ ಗೋಗರೆದಿದ್ದಳು. ಇವತ್ತು ಹತ್ತಕ್ಕೆ ಪರೀಕ್ಷೆ. ಒಬ್ಬರ ಸಂದೇಶ ಪರೀಕ್ಷಕರ ಕೈಗೆ ಸಿಕ್ಕರೂ ಅವಳು ಫೇಲು.

"ಇದನ್ನ ಯಾರು ಅಂಟಿಸಿದ್ದು?"

"ನಾನೇ ಕಣೇ," ಎಂದರು ಗಲ್ಲಿಯ ಮುಖ್ಯಸ್ಥರ ಹೆಂಡತಿ ಬು ಸುಮಿನಾರ್, ಗುಡಿಸುತ್ತಲೇ. "ಎಲ್ಲರ ಮನೆಮಂದಿಯ ಕಾರ್ಡಿನ ನಕಲು ನನ್ನ ಹತ್ರ ಇಲ್ವಾ? ಹಾಗೇ ಇದನ್ನೂ ಇಸ್ಕೊಂಡೆ. ಮರೆತೋರು ನೋಡ್ಕೋಬಹುದು."

"ಬು, ಇದು ಗುಟ್ಟು!"

"ಅದಕ್ಕೇ ಪಕ್ಕದ ಗಲ್ಲಿಯೋರು ಓದಬಾರದು ಅಂತ ಕೆಳಗೆ ಬರೆದಿದೀನಲ್ಲ!"

ನಿಜ, ಬರೆದಿತ್ತು. ಕೆಂಪು ಶಾಯಿಯಲ್ಲಿ.

ವೆನಿಂಗ್ ಪಟ್ಟಿಯನ್ನು ಪರಪರ ಹರಿದಳು.

"ಓದಿದ ಹುಡುಗಿ, ಗಲ್ಲಿಯ ಕಾಗದ ಹರಿಯೋದಾ!" ಎಂದು ತರಕಾರಿ ಗಾಡಿಯ ಬಳಿಯಿಂದ ಬು ಪಾರ್ತಿ ಕೂಗಿದರು. "ನಾನಿನ್ನೂ ನನ್ನದು ಬರ್ಕೊಂಡಿರಲಿಲ್ಲ!"

ಮನೆಮನೆಗೂ ಓಡಿದಳು. ಪದ ಬದಲಿಸುವುದು ಹೇಗೆಂದು ಇಪ್ಪತ್ತು ಸಲ ಹೇಳಿಕೊಟ್ಟಳು. "ಎಣ್ಣೆ ಕಾಯ್ತಿದೆ, ನೀನೇ ಒತ್ತಿಬಿಡು," ಎಂದರು ಬು ಪಾರ್ತಿ. "ನಾನು ನೋಡಬಾರದು ಬು," ಎಂದು ವೆನಿಂಗ್ ಗೋಡೆಗೆ ಮುಖ ಮಾಡಿ, ಶಿಕ್ಷೆಗೊಳಗಾದ ಮಗುವಿನಂತೆ ನಿಂತಳು. ಒಂಬತ್ತೂಮುಕ್ಕಾಲಿಗೆ ಇಪ್ಪತ್ತೂ ಬದಲಾಗಿದ್ದವು.

ಹತ್ತಕ್ಕೆ ಕಾಲೇಜಿನಲ್ಲಿ ಪರೀಕ್ಷಕರಾದ ಪಾಕ್ ಹರ್ಜೋನೋ, ಅಂದರೆ ಹರ್ಜೋನೋ ಸರ್, ಅರ್ಧ ಗಂಟೆ ಆ್ಯಪ್ ತಡಕಾಡಿದರು. ಸಿಕ್ಕಿದ್ದು ಚೆಲ್ಲಾಪಿಲ್ಲಿ ಅಕ್ಷರಗಳು ಮಾತ್ರ.

"ಬೀಗ ಗಟ್ಟಿಯಾಗಿದೆಯಮ್ಮ," ಎಂದರು. "ಅಂದಹಾಗೆ, ಪದ ಬದಲಿಸೋದನ್ನ ಅವರಿಗೆ ಹೇಗೆ ಹೇಳಿಕೊಟ್ಟೆ?"

"ಒಂದು ಉದಾಹರಣೆ ಕೊಟ್ಟು, ಪಾಕ್."

"ಏನಂತ?"

"ನೀಲಿಬೆಕ್ಕು ಎಪ್ಪತ್ತೇಳು."

ಪಾಕ್ ಹರ್ಜೋನೋ ಅದನ್ನೇ ಒತ್ತಿದರು. ಬು ಪಾರ್ತಿಯವರದು ತೆರೆಯಿತು. ಪಕ್ಕದ ಮನೆಯವರದು ತೆರೆಯಿತು. ಇಪ್ಪತ್ತೂ ತೆರೆದವು. ಎಲ್ಲದರ ತುದಿಯಲ್ಲೂ ಬು ಸುಮಿನಾರ್ ಕಳಿಸಿದ್ದ ಒಂದೇ ಸಂದೇಶ:

"ಎಲ್ಲರೂ ಹುಡುಗಿ ಹೇಳಿದ ಪದವನ್ನೇ ಇಡಿ. ಪಾಪ, ಪರೀಕ್ಷೆ ಇದೆ. ಒಬ್ಬರೂ ತಪ್ಪು ಮಾಡಬೇಡಿ."