ಒಪ್ಪಂದ ಇಡಲು ಒಂದು ಬೀರು

ಬೆಳಿಗ್ಗೆ ಹತ್ತು ಗಂಟೆ. ಟೈಲರಕ್ಕನ ಅಂಗಡಿ ಬಾಗಿಲಿಗೆ ಅಡ್ಡವಾಗಿ ಮೂರು ಜನ ಕೂರುವ ಸೋಫಾ ಒಂದು ನಿಂತಿತ್ತು.

ಸೋಫಾ ಪಕ್ಕದ ಪೀಠೋಪಕರಣದ ಅಂಗಡಿಯದು. ಅದರ ಮಾಲೀಕನಿಗೆ ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದ ಹೆಸರು ಚಕ್ರವರ್ತಿ. ಮೊದಲ ಮಹಡಿಯ ಉದ್ದನೆಯ ವರಾಂಡ ಐದು ಅಂಗಡಿಗಳಿಗೂ ಸೇರಿದ್ದು. ಆದರೂ ಹೋದ ತಿಂಗಳು ಅವನ ಎರಡು ಕುರ್ಚಿ ಹೊರಗೆ ಬಂದಿದ್ದವು, ಹೋದ ವಾರ ಒಂದು ಮಂಚ. ಈಗ ಸೋಫಾ. ಟೈಲರಕ್ಕ ತನ್ನ ಅಂಗಡಿಗೆ ತಾನೇ ಕಳ್ಳಿಯ ಹಾಗೆ ಪಕ್ಕಕ್ಕೆ ತಿರುಗಿ ನುಸುಳಬೇಕಾಯಿತು.

"ಅವನನ್ನು ಬಿಟ್ಟು ನಾವು ನಾಲ್ಕು ಜನ ಇದ್ದೀವಿ. ಎತ್ತಿ ಅವನ ಅಂಗಡಿಯೊಳಗೇ ಇಟ್ಟುಬಿಡೋಣ. ಎಷ್ಟು ಹೊತ್ತಿನ ಕೆಲಸ?" ಎಂದಳು.

"ದುಡುಕಬೇಡಿ ಅಕ್ಕಾ," ಎಂದರು ರಾಯಭಾರಿ.

ರಾಯಭಾರಿ ಎಂದರೆ ಅವಳ ಇನ್ನೊಂದು ಪಕ್ಕದ ಕನ್ನಡಕದ ಅಂಗಡಿಯವರು. ಆ ಹೆಸರು ಗೇಲಿಗೆ ಬಂದದ್ದಲ್ಲ, ಗೌರವಕ್ಕೆ. ನಲ್ಲಿ ನೀರಿನ ಜಗಳ, ಮೆಟ್ಟಿಲ ದೀಪದ ಜಗಳ, ಅದೇ ವರಾಂಡದ ಹಲ್ಲಿನ ಡಾಕ್ಟರಿಗೂ ವಕೀಲರಿಗೂ ವರ್ಷವಿಡೀ ಮಾತು ಬಿಡಿಸಿದ್ದ ಬೋರ್ಡಿನ ಜಗಳ, ಎಲ್ಲವನ್ನೂ ಬಗೆಹರಿಸಿದವರು ಅವರೇ. ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು, ಅದರೊಳಗಿನ ಅಹವಾಲನ್ನಷ್ಟೇ ಹೆಕ್ಕಿ, ಒರೆಸಿ, ಹೊಸ ಕನ್ನಡಕದಂತೆ ಎದುರಾಳಿಯ ಮೂಗಿನ ಮೇಲೆ ಕೂರಿಸುತ್ತಿದ್ದರು. ಅವರು ಸೋತದ್ದನ್ನು ಯಾರೂ ಕಂಡಿರಲಿಲ್ಲ. ಆ ಜಗಳಗಳಲ್ಲೆಲ್ಲ ಎರಡೂ ಕಡೆಯವರಿಗೆ ಒಳಗೊಳಗೇ ರಾಜಿ ಬೇಕಿತ್ತು ಎಂಬುದನ್ನೂ ಯಾರೂ ಗಮನಿಸಿರಲಿಲ್ಲ.

ಸೋಫಾದ ಅಳುಕು ಅವರಿಗೂ ಇತ್ತು. ಅವರ ಅಂಗಡಿ ಮೋಟು. ಕಣ್ಣು ಪರೀಕ್ಷೆಗೆ ಬೇಕಾದ ದೂರ ಒಳಗೆ ಸಿಗದು. ಗಿರಾಕಿಯನ್ನು ಹೊರಗೆ ವರಾಂಡದ ಕಟಕಟೆಯ ಬಳಿ ಸ್ಟೂಲಿನ ಮೇಲೆ ಕೂರಿಸಿ, ತೆರೆದ ಬಾಗಿಲ ಮೂಲಕ ಒಳಗೋಡೆಯ ಅಕ್ಷರ ಓದಿಸುತ್ತಿದ್ದರು. ಆ ಬಾಗಿಲಿಗೆ ಏನು ಅಡ್ಡ ಬಂದರೂ ಕಸುಬು ನಿಂತಂತೆಯೇ.

"ಇವತ್ತು ನನ್ನ ಬಾಗಿಲು. ನಾಳೆ ನಿಮ್ಮದು," ಎಂದಳು ಟೈಲರಕ್ಕ.

"ಅದಕ್ಕೇ ಮಾತಾಡೋಣ ಅನ್ನೋದು. ದೊಡ್ಡ ದೊಡ್ಡ ದೇಶಗಳೇ ಎದುರುಬದುರು ಕೂತು ಮಾತಾಡ್ತವೆ."

"ಮಾತಾಡ್ತಾನೇ ಇರ್ತವೆ. ಪೇಪರಲ್ಲಿ ನಕ್ಷೆ ಮಾತ್ರ ಬದಲಾಗ್ತಾ ಇರುತ್ತೆ."

ಹನ್ನೊಂದಕ್ಕೆ ಸಭೆ. ಯಾವ ಕಡೆಗೂ ಸೇರದ ಜಾಗವೆಂದು ರಾಯಭಾರಿಯ ಅಂಗಡಿ ಮುಂದೆಯೇ ಸೇರುವುದೆಂದಾಯಿತು. ಕೂರಲು ಅಲ್ಲಿ ಒಂದು ಸ್ಟೂಲು ಬಿಟ್ಟರೆ ಏನಿಲ್ಲ. ಅದರ ಮೇಲೂ ಕಣ್ಣು ತೋರಿಸಲು ಬಂದ ಬಸ್ ಡ್ರೈವರ್ ಕುಳಿತಿದ್ದ.

"ಛೆ ಛೆ, ದೊಡ್ಡವರು ನಿಂತುಕೊಂಡು ಮಾತಾಡೋದೇ?" ಎಂದ ಚಕ್ರವರ್ತಿ ಒಳಗಿನಿಂದ ಇನ್ನೊಂದು ಸೋಫಾ ತರಿಸಿದ. ಅದು ಎಷ್ಟು ಮೆತ್ತಗಿತ್ತೆಂದರೆ, ಕೂತೊಡನೆ ಎಲ್ಲರ ಅರ್ಧ ಸಿಟ್ಟು ಅದರೊಳಗೇ ಇಂಗಿಹೋಯಿತು.

"ಇದು ಅತಿಕ್ರಮಣ," ಎಂದು ಟೈಲರಕ್ಕ ಶುರುಮಾಡಿದಳು.

ವಕೀಲರು ಕೈ ಎತ್ತಿದರು. "ಆ ಪದ ಖಾರವಾಯ್ತು. 'ವಿಸ್ತರಣೆ' ಅನ್ನೋಣ."

"ಬಾಗಿಲಿಗೆ ಸೋಫಾ ಅಡ್ಡ ಇಡೋದು ವಿಸ್ತರಣೆಯಾ?"

"ನನ್ನದೇನೂ ತಕರಾರಿಲ್ಲ ಅಂತಲ್ಲ," ಎಂದರು ಡಾಕ್ಟರು. "ಆದ್ರೆ ಹೊರಗೆ ಇಟ್ಟ ಕುರ್ಚಿ ಮೇಲೆ ನನ್ನ ಪೇಷೆಂಟುಗಳೇ ಕೂರೋದು. ಪಾಪ, ಹಲ್ಲುನೋವು ಬೇರೆ."

"ನೋಡಿದ್ರಾ! ನಾನು ಜನಸೇವೆ ಮಾಡ್ತಿದ್ದೀನಿ," ಎಂದ ಚಕ್ರವರ್ತಿ.

ಟೈಲರಕ್ಕ ಎದ್ದು ಹೊಲಿಗೆಗೆ ಹೋದಳು. ರಾಯಭಾರಿ ಕದಲಲಿಲ್ಲ. ಊಟ ಬಿಟ್ಟರು, ಗಿರಾಕಿಗಳನ್ನು ಬಿಟ್ಟರು. ಚಕ್ರವರ್ತಿ ಮೇಜು ಗುದ್ದಿದಾಗ ಬೇಸರಿಸಲಿಲ್ಲ, ಹೊಗಳಿದಾಗ ಹಿಗ್ಗಲಿಲ್ಲ. ಗುದ್ದಲು ಮೇಜು ಬೇಕೆಂದು ಅದನ್ನೂ ಅವನೇ ಹೊರಗೆ ತರಿಸಿದ್ದ. ಮೂರು ಗಂಟೆಗೆ ಸಭೆ 'ತೀವ್ರ ಕಳವಳ' ವ್ಯಕ್ತಪಡಿಸಿತು. ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವನು ಚಕ್ರವರ್ತಿ.

ನಾಲ್ಕೂವರೆಗೆ ಟೈಲರಕ್ಕ ಹೊರಗೆ ಬಂದಳು. ಕೆಲಸದ ನಡುವೆ ಎದ್ದು ಬಂದದ್ದರಿಂದ ಕೈಯಲ್ಲಿ ಬಟ್ಟೆ ಕತ್ತರಿ ಇತ್ತು. ಚಕ್ರವರ್ತಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿ ಒಳಗೆ ಹೋದಳು. ಅವನು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ ಆಳುಗಳನ್ನು ಕೂಗಿ, "ಆ ಸೋಫಾ ಎತ್ರೋ. ಇಲ್ಲಿ ಸಭೆಗೆ ಜಾಗ ಸಾಲ್ತಿಲ್ಲ, ತಂದು ಹಾಕಿ," ಎಂದ.

ಟೈಲರಕ್ಕನ ಬಾಗಿಲು ಖಾಲಿಯಾಯಿತು!

ವಕೀಲರು ರಾಯಭಾರಿಯ ಕೈ ಕುಲುಕಿದರು. "ಒಂದೇ ದಿನದಲ್ಲಿ! ಒಂದು ಏರುದನಿ ಇಲ್ಲದೆ!" ಡಾಕ್ಟರು ಬೆನ್ನು ತಟ್ಟಿದರು. ರಾಯಭಾರಿಯ ಕಣ್ಣು ತೇವವಾಯಿತು. ಗೆದ್ದದ್ದು ಕೈಜಾರಬಾರದೆಂದು ಅವರೇ ಒಪ್ಪಂದ ಬರೆದರು. ಇನ್ನು ಮುಂದೆ ವರಾಂಡದಲ್ಲಿರುವ ಯಾವ ವಸ್ತುವನ್ನೂ ಐವರ ಒಪ್ಪಿಗೆಯಿಲ್ಲದೆ ಇದ್ದಲ್ಲಿಂದ ಕದಲಿಸತಕ್ಕದ್ದಲ್ಲ. ಸೋಫಾ ಮತ್ತೆ ಟೈಲರಕ್ಕನ ಬಾಗಿಲಿಗೆ ಹೋಗಲು ಇನ್ನು ದಾರಿಯೇ ಇಲ್ಲ. ಟೈಲರಕ್ಕ ಬಂದು ತನ್ನ ಖಾಲಿ ಬಾಗಿಲನ್ನೊಮ್ಮೆ ನೋಡಿ ಸಹಿ ಹಾಕಿದಳು. ಉಳಿದವರೂ ಹಾಕಿದರು.

ಸಹಿಗೆ ಮುಂಚೆ ಚಕ್ರವರ್ತಿ ಒಂದೇ ಒಂದು ಮಾತು ಹೇಳಿದ್ದ. "ಇಂಥ ಕಾಗದ ಜೋಪಾನವಾಗಿ ಇಡೋಕೆ ಒಂದು ಬೀರು ಬೇಡ್ವಾ? ನನ್ನ ಕಡೆಯಿಂದ ಉಡುಗೊರೆ." ಆಳೆತ್ತರದ ಮರದ ಬೀರು ಬಂದಿತ್ತು. ಒಪ್ಪಂದವನ್ನು ಅದರೊಳಗಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸಿ ಅವನು ಹೊರಟ.

ಬೆಳಿಗ್ಗೆಯಿಂದ ಕಾದಿದ್ದ ಡ್ರೈವರ್ ಆಕಳಿಸಿದ. "ಸ್ವಾಮೀ, ಈಗಲಾದ್ರೂ ಕಣ್ಣು ನೋಡ್ತೀರಾ?"

"ಬಂದೆ ಬಂದೆ," ಎಂದು ರಾಯಭಾರಿ ಎರಡು ಸೋಫಾ ದಾಟಿ, ಮೇಜು ಹಾರಿ, ಬೀರು ಮತ್ತು ಬಾಗಿಲ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನುಸುಳಿ, ಗೋಡೆಯ ದೀಪ ಹಾಕಿದರು. "ಹೇಳಿ, ಮೇಲಿನ ಸಾಲಿನಲ್ಲಿ ಏನು ಕಾಣುತ್ತೆ?"

"ಬೀರು," ಎಂದ ಡ್ರೈವರ್.

"ಕೆಳಗಿನ ಸಾಲು?"

"ಸೋಫಾ."

ರಾಯಭಾರಿ ನುಸುಳಿಕೊಂಡೇ ಹೊರಬಂದು ಚಕ್ರವರ್ತಿಯ ಅಂಗಡಿಗೆ ಓಡಿದರು. "ಇದನ್ನೆಲ್ಲ ಸ್ವಲ್ಪ ಸರಿಸಬೇಕಲ್ಲ?"

"ಸರಿಸೋಣ ಸ್ವಾಮಿ. ಆದ್ರೆ ಐವರ ಒಪ್ಪಿಗೆ ಬೇಕು, ನೀವೇ ಬರೆದಿದ್ದೀರಿ. ನಂದು ಒಪ್ಪಿಗೆ ಇಲ್ಲ."

ಟೈಲರಕ್ಕ ಅಂಗಡಿ ಮುಚ್ಚುತ್ತಿದ್ದಳು. ರಾಯಭಾರಿ ಸಪ್ಪೆ ಮೋರೆಯಲ್ಲಿ ಅವಳ ಮುಂದೆ ನಿಂತರು. "ಅಕ್ಕಾ, ಆಗ ಅವನ ಹತ್ರ ಏನು ಹೇಳಿದ್ರಿ?"

"ಏನಿಲ್ಲ. ಐದು ಗಂಟೆಗೂ ಸೋಫಾ ನನ್ನ ಬಾಗಿಲಲ್ಲೇ ಇದ್ರೆ ಹೊಸ ಕವರ್ ಹೊಲಿದುಕೊಡ್ತೀನಿ, ಮೊದಲು ಹಳೇ ಕವರ್ ಕತ್ತರಿಸಿ ತೆಗೀಬೇಕಾಗುತ್ತೆ ಅಂದೆ." ಬೀಗ ಹಾಕಿ ತಿರುಗಿದಳು. "ಕತ್ತರಿ ಬೇಕಾ? ಕೊಟ್ಟು ಹೋಗ್ತೀನಿ."

ರಾಯಭಾರಿ ಕತ್ತರಿಯನ್ನು ನೋಡಿದರು. ಸೋಫಾ ನೋಡಿದರು.

"ಬೇಡ ಅಕ್ಕಾ. ಆತ ಮೂಲತಃ ಕೆಟ್ಟವನಲ್ಲ. ನಾಳೆ ಇನ್ನೊಂದು ಸುತ್ತು ಮಾತಾಡ್ತೀನಿ."

ಮರುದಿನ ಹನ್ನೊಂದಕ್ಕೆ ಎರಡನೆಯ ಸುತ್ತಿನ ಸಭೆ ಸೇರಿತು. ಯಾರಿಗೂ ಜಾಗ ಸಾಲದೆ ಹೋಗಬಾರದೆಂದು ಚಕ್ರವರ್ತಿ ಒಳಗಿನಿಂದ ಇನ್ನೊಂದು ಮಂಚವನ್ನೂ ತಂದು ಹಾಕಿಸಿದ್ದ.